'ಏನಾದರೂ ಕೆಲಸ' ಎಂಬ ಹೆಸರಿನ ಕೆಲಸ ಎಲ್ಲೂ ಇಲ್ಲ

ಜುಮಾ ಮುಗಿದು ಮಸೀದಿಯ ಮೆಟ್ಟಿಲಲ್ಲಿ ಚಪ್ಪಲಿ ಹುಡುಕುವ ಹೊತ್ತಿಗೆ ಯಾರಾದರೊಬ್ಬರು ಪಕ್ಕಕ್ಕೆ ಬಂದು ಮೆಲ್ಲಗೆ ಹೇಳುವ ಮಾತು ಒಂದಿದೆ. "ಉಸ್ತಾದೇ, ಏನಾದರೂ ಒಂದು ಕೆಲಸ ಇದ್ರೆ ನೋಡಿ." ಹೇಳುವವರ ವಯಸ್ಸು ಹೆಚ್ಚಾಗಿ ಮೂವತ್ತೈದರಿಂದ ಐವತ್ತರ ಒಳಗೆ. ಕೆಲವರು ಗಲ್ಫಿನಿಂದ ಎಕ್ಸಿಟ್ ಹೊಡೆಸಿಕೊಂಡು ಬಂದವರು. ಕೆಲವರು ಊರಲ್ಲೇ ಅಂಗಡಿ ಬಾಗಿಲು ಹಾಕಿದವರು. ಇನ್ನು ಕೆಲವರು ಅಡಿಕೆ ಚೇಣಿಯಲ್ಲಿ ಕೈ ಸುಟ್ಟುಕೊಂಡವರು. ನಾವೂ "ಇನ್ಶಾ ಅಲ್ಲಾಹ್, ನೋಡುವ" ಅಂತೇವೆ. ಅವರು ಮನೆಗೆ ಹೋಗ್ತಾರೆ, ನಾವು ಮರೆತುಬಿಡ್ತೇವೆ.

ಮರೆಯುವುದು ಮನಸ್ಸಿಲ್ಲದೆ ಅಲ್ಲ. 'ಏನಾದರೂ ಕೆಲಸ' ಅಂದರೆ ನೆನಪಿಟ್ಟುಕೊಳ್ಳುವುದಾದರೂ ಯಾವುದನ್ನು? ಬೀರೂರಿನ ಮಂಡಿಯಲ್ಲಿ ಲೆಕ್ಕ ಬರೆಯುವವರು ಬೇಕು ಎಂದು ಯಾರೋ ಹೇಳಿದಾಗ ನಮಗೆ ಇವನ ಮುಖ ನೆನಪಾಗುವುದಿಲ್ಲ. ತರೀಕೆರೆಯಲ್ಲಿ ಪಂಪ್‌ಸೆಟ್ ರಿಪೇರಿಗೆ ಜನ ಸಿಗ್ತಾ ಇಲ್ಲ ಅಂದಾಗಲೂ ನೆನಪಾಗುವುದಿಲ್ಲ. ಅವನು ಎರಡರ ಹೆಸರನ್ನೂ ಹೇಳಿರಲಿಲ್ಲವಲ್ಲ.

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಬ್ಯಾರಿ ಮನೆಗಳಿಗೆ ಕಸುಬು ಬದಲಿಸುವುದು ಹೊಸದಲ್ಲ. ತುಳುವಿನ 'ಬ್ಯಾರ', ಅಂದರೆ ವ್ಯಾಪಾರ, ಅದರಿಂದಲೇ ನಮ್ಮ ಹೆಸರು ಬಂತು ಎಂದು ಬಲ್ಲವರು ಹೇಳುತ್ತಾರೆ. ಘಟ್ಟ ಹತ್ತಿ ಬಂದ ಹಿರಿಯರಲ್ಲಿ ಒಣಮೀನು ಮಾರಿದವರು ಆಮೇಲೆ ಬಟ್ಟೆ ಮಾರಿದರು, ಬಟ್ಟೆ ಮಾರಿದವರು ಮರದ ವ್ಯಾಪಾರಕ್ಕೆ ಇಳಿದರು, ಮರದವರು ಅಡಿಕೆ, ತೆಂಗು, ಹೋಟೆಲು ಅಂತ ಹೋದರು. ಅವರ ಮಕ್ಕಳು ಗಲ್ಫಿಗೆ ಹೋದರು. ಹಾಗಿರುವಾಗ ಈಗಿನ ನಲವತ್ತರ ಮನುಷ್ಯ ಮಾತ್ರ ಕಸುಬು ಬದಲಿಸಲು ಯಾಕಿಷ್ಟು ಹೆದರುತ್ತಾನೆ ಎಂದು ನಾವು ಹಲವು ಸಲ ಯೋಚಿಸಿದ್ದಿದೆ.

ಒಂದು ಕಾರಣ ಸ್ಪಷ್ಟ. ಹಿಂದಿನವರು ತಾವಾಗಿ ಬದಲಿಸಿದರು. ಈಗಿನವರನ್ನು ಬದಲಿಸಿಬಿಟ್ಟಿದ್ದಾರೆ. ಸೌದಿಯಲ್ಲಿ 2011ರಲ್ಲಿ ನಿತಾಖಾತ್ ಬಂತು. 2016ರಲ್ಲಿ ಮೊಬೈಲ್ ಅಂಗಡಿಗಳ ಕೆಲಸವನ್ನು ಪೂರ್ತಿ ಅಲ್ಲಿನವರಿಗೇ ಮೀಸಲಿಟ್ಟರು. 2017ರಿಂದ ಹೆಂಡತಿ ಮಕ್ಕಳನ್ನು ಜೊತೆಗಿಟ್ಟುಕೊಂಡವರಿಗೆ ತಲೆಗೆ ತಿಂಗಳಿಗೆ 100 ರಿಯಾಲ್ ಫೀಸು ಶುರುವಾಯಿತು, ವರ್ಷವರ್ಷ ಏರಿ 2020ಕ್ಕೆ 400 ಆಯಿತು. 2018ರ ಸೆಪ್ಟೆಂಬರಿನಿಂದ ರೆಡಿಮೇಡ್ ಬಟ್ಟೆ, ಪೀಠೋಪಕರಣದಂಥ ಅಂಗಡಿಗಳಲ್ಲೂ ಹೊರಗಿನವರಿಗೆ ಜಾಗ ಕಡಿಮೆಯಾಯಿತು. ನಮ್ಮ ಹುಡುಗರು ಇದ್ದದ್ದೇ ಅಂಗಡಿಗಳಲ್ಲಿ. ಅದರ ಹಿಂದೆಯೇ 2020ರ ಕೊರೋನ. ಇಲ್ಲಿ ಊರಲ್ಲಾದರೂ ಖಾಯಂ ಎಂದು ನಂಬಿದ್ದು ಏನಾಯಿತು? ತರೀಕೆರೆಯ ಪಕ್ಕದ ಭದ್ರಾವತಿಯ ಕಾಗದ ಕಾರ್ಖಾನೆ ನಿಂತು ಎಷ್ಟು ವರ್ಷವಾಯಿತು ಲೆಕ್ಕ ಹಾಕಿ. ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುತ್ತೇವೆ ಎಂದು 2023ರ ಆರಂಭದಲ್ಲಿ ಹೇಳಿದಾಗ ಕಾರ್ಮಿಕರು ಬೀದಿಗಿಳಿಯಬೇಕಾಯಿತು. ಆದ್ದರಿಂದ ಕೆಲಸ ಹೋದದ್ದು ಯಾರದೇ ಅಮಲಿನ ಕೊರತೆಯಿಂದ ಅಲ್ಲ, ಸೋಮಾರಿತನದಿಂದಲೂ ಅಲ್ಲ. ಇದನ್ನು ಮನೆಯವರು ಮೊದಲು ಒಪ್ಪಿಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಎರಡು ವರ್ಷದ ಹಿಂದಿನ ಒಂದು ಸಂಗತಿ ಹೇಳುತ್ತೇವೆ. ನಮ್ಮ ಮೊಹಲ್ಲಾದ ಒಬ್ಬರು, ಹದಿನೇಳು ವರ್ಷ ದಮ್ಮಾಮಿನ ಕಡೆ ಒಂದು ಬಕಾಲದಲ್ಲಿ ದುಡಿದು ಬಂದವರು. ಬಂದ ಮೊದಲ ತಿಂಗಳು ನೆಂಟರ ಮನೆ, ಮದುವೆ, ಬಿರಿಯಾನಿ. ಎರಡನೇ ತಿಂಗಳು ಆಟೋ ತೆಗೆದುಕೊಳ್ಳೋಣವಾ ಎಂಬ ಮಾತು. ಮೂರನೇ ತಿಂಗಳು ಕೋಳಿ ಅಂಗಡಿ. ನಾಲ್ಕನೇ ತಿಂಗಳು ಯಾರೋ ಒಮಾನ್ ವೀಸಾ ಕೊಡಿಸ್ತಾರಂತೆ ಎಂಬ ಆಸೆ. ಆರನೇ ತಿಂಗಳಿಗೆ ಹೆಂಡತಿಯ ಬಳೆ ಬ್ಯಾಂಕಿಗೆ ಹೋಯಿತು. ಆಗ ನಮ್ಮ ಹತ್ತಿರ ಬಂದು ಅದೇ ಮಾತು, "ಏನಾದರೂ ಕೆಲಸ."

ಅಂದು ಮದ್ರಸದ ಮಕ್ಕಳು ಹೋದ ಮೇಲೆ ಅವರನ್ನು ಕೂರಿಸಿಕೊಂಡು ಕೇಳಿದೆವು: ನಿಮಗೆ ಏನು ಗೊತ್ತು? "ಎಂತದೂ ಗೊತ್ತಿಲ್ಲ ಉಸ್ತಾದೇ, ಅಂಗಡಿಯಲ್ಲಿದ್ದೆ ಅಷ್ಟೇ." ಅಂಗಡಿಯಲ್ಲಿ ಬೆಳಿಗ್ಗೆ ಎದ್ದು ಮಾಡುತ್ತಿದ್ದ ಮೊದಲ ಕೆಲಸ ಏನು ಎಂದು ಕೇಳಿದೆವು. ಆಗ ಒಂದೊಂದಾಗಿ ಹೊರಗೆ ಬಂತು. ಹಾಲು, ಮೊಸರಿನ ಡೇಟು ನೋಡಿ ಹಳೆಯದನ್ನು ಮುಂದಿಡುವುದು. ಯಾವ ಮಾಲು ಎಷ್ಟು ದಿನದಲ್ಲಿ ಖಾಲಿಯಾಗುತ್ತದೆ ಎಂದು ಅಂದಾಜು ಮಾಡಿ ಆರ್ಡರ್ ಹಾಕುವುದು. ಫ್ರೀಜರ್ ಕೆಟ್ಟರೆ ಯಾವುದನ್ನು ಮೊದಲು ತೆಗೆಯಬೇಕು ಎಂಬ ತಿಳಿವಳಿಕೆ. ಕಂಪ್ಯೂಟರಿನಲ್ಲಿ ಬಿಲ್ಲು. ಕಂಪನಿ ಸೇಲ್ಸ್‌ಮನ್ ಜೊತೆ ಹಿಂದಿಯಲ್ಲಿ, ಕಫೀಲ್ ಜೊತೆ ಅರಬಿಯಲ್ಲಿ, ಗಿರಾಕಿ ಜೊತೆ ಮಲಯಾಳಂ, ಉರ್ದು, ಅರ್ಧಂಬರ್ಧ ಬಂಗಾಳಿ. ರಾತ್ರಿ ಗಲ್ಲಾ ಲೆಕ್ಕ. ಹದಿನೇಳು ವರ್ಷದಲ್ಲಿ ಲೆಕ್ಕ ತಪ್ಪಿತು ಎಂದು ಕಫೀಲ್ ಒಂದು ಸಲವೂ ಬೈದದ್ದಿಲ್ಲವಂತೆ. ನಾವು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಟ್ಟೆವು. "ಇದು ಎಂತದೂ ಗೊತ್ತಿಲ್ಲದವನ ಹಾಳೆಯಾ?" ಅಂದೆವು. ಅವರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು.

ಆಮೇಲೆ ಕೇಳಬೇಕಾದ್ದು ಯಾವ ಕೆಲಸವನ್ನು ಎಂಬುದು ತಾನೇ ತಿಳಿಯಿತು. ಹೋಲ್‌ಸೇಲ್ ಗೋಡೌನಿನ ಸ್ಟೋರ್ ಕೀಪರ್. ಬೇರೆ ಏನೂ ಅಲ್ಲ. ಕಡೂರು, ಬೀರೂರು, ತರೀಕೆರೆ, ಅರಸೀಕೆರೆಯಲ್ಲಿ ಗೋಡೌನ್ ಇರುವ ಡಿಸ್ಟ್ರಿಬ್ಯೂಟರ್‌ಗಳ ಹೆಸರನ್ನು ಅಂಗಡಿಯವರಿಂದಲೇ ಕೇಳಿ ಪಟ್ಟಿ ಮಾಡಿದರು, ಹತ್ತೊಂಬತ್ತು ಸಿಕ್ಕಿತು. ದಿನಕ್ಕೆ ಎರಡರಂತೆ ಹೋದರು. ಹೆಚ್ಚಿನವರು "ಈಗ ಬೇಡ" ಅಂದರು. ಒಬ್ಬರು "ವಯಸ್ಸಾಯ್ತಲ್ಲ ಕಾಕ" ಅಂದರು. ಹನ್ನೊಂದನೆಯವರು ಹದಿನೈದು ದಿನ ಬಂದು ನೋಡಿ ಅಂದರು. ಈಗಲೂ ಅಲ್ಲೇ ಇದ್ದಾರೆ. ಸಂಬಳ ಸೌದಿಯಷ್ಟು ಇಲ್ಲ, ಹತ್ತಿರಕ್ಕೂ ಇಲ್ಲ. ಆದರೆ ಬಳೆ ಮನೆಗೆ ಬಂದಿದೆ, ಮಗಳ ಪಿಯುಸಿ ನಿಲ್ಲಲಿಲ್ಲ.

ಅಬ್ದುರ್ರಹ್ಮಾನ್ ಇಬ್ನ್ ಔಫ್ (ರ) ಅವರ ಕಥೆಯನ್ನು ನಾವು ಮದ್ರಸದಲ್ಲಿ ಮಕ್ಕಳಿಗೆ ಹೇಳಿಯೇ ಹೇಳುತ್ತೇವೆ. ಮಕ್ಕಾದಲ್ಲಿ ಇದ್ದದ್ದನ್ನೆಲ್ಲ ಬಿಟ್ಟು ಮದೀನಾಕ್ಕೆ ಬರಿಗೈಯಲ್ಲಿ ಬಂದವರು. ಪ್ರವಾದಿಯವರು (ಸ) ಅವರನ್ನು ಸಅದ್ ಇಬ್ನ್ ರಬೀಅ (ರ) ಅವರ ಸಹೋದರನನ್ನಾಗಿ ಮಾಡಿದರು. ಸಅದ್ ತಮ್ಮ ಸೊತ್ತಿನಲ್ಲಿ ಅರ್ಧ ತೆಗೆದುಕೊಳ್ಳಿ ಅಂದರು. ಇವರು ಬರಕತ್ತಿಗೆ ದುಆ ಮಾಡಿ, ಮಾರುಕಟ್ಟೆ ಎಲ್ಲಿದೆ ತೋರಿಸಿ ಎಂದು ಮಾತ್ರ ಕೇಳಿದರು. ಖೈನುಖಾ ಮಾರುಕಟ್ಟೆಗೆ ಹೋಗಿ ಗಿಣ್ಣು, ತುಪ್ಪದ ವ್ಯಾಪಾರದಿಂದ ಶುರು ಮಾಡಿದರು. ಸ್ವಾಭಿಮಾನಕ್ಕೆ ಉದಾಹರಣೆ ಎಂದು ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಅವರು ಏನಾದರೂ ಕೆಲಸ ಕೊಡಿ ಎಂದು ಕೇಳಲಿಲ್ಲ, ತೋಟದಲ್ಲಿ ಇರಲಾ ಎಂದೂ ಕೇಳಲಿಲ್ಲ. ಮದೀನಾ ಖರ್ಜೂರದ ತೋಟಗಳ ಊರು, ಸಅದ್ ಅವರ ಹತ್ತಿರ ಕೊಡುವುದಕ್ಕೆ ಇತ್ತು. ತಾನು ವ್ಯಾಪಾರಿ ಎಂಬುದು ಇವರಿಗೆ ಗೊತ್ತಿತ್ತು, ಆದ್ದರಿಂದ ಕೇಳಿದ್ದು ಮಾರುಕಟ್ಟೆಯ ದಾರಿ. ಊರು ಬದಲಾಯಿತು, ಬಂಡವಾಳ ಹೋಯಿತು, ಗೊತ್ತಿದ್ದ ವಿದ್ಯೆಯನ್ನು ಬಿಡಲಿಲ್ಲ.

ಯೂಸುಫ್ (ಅ) ಅವರದ್ದೂ ಹಾಗೆಯೇ. ಸೆರೆಮನೆಯಿಂದ ಬಂದು ರಾಜನ ಎದುರು ನಿಂತಾಗ ಇಂಥ ಖಾತೆ ಎಂದು ಹೆಸರಿಟ್ಟೇ ಕೇಳಿದರು, ನಾಡಿನ ಉಗ್ರಾಣ. ಅದಕ್ಕೆ ಬೇಕಾದ ಎರಡು ಗುಣವನ್ನು ಮಾತ್ರ ಹೇಳಿದರು, ಕಾಯಬಲ್ಲೆ, ತಿಳಿದಿದ್ದೇನೆ ಅಂತ. ಅಧಿಕಾರವನ್ನು ಕೇಳಿ ಪಡೆಯಬಾರದು ಎಂಬ ಹದೀಸ್ ಇದೆಯಲ್ಲ ಎಂದು ನಮ್ಮ ಒಬ್ಬ ವಿದ್ಯಾರ್ಥಿ ಕೇಳಿದ್ದ. ಒಳ್ಳೆಯ ಪ್ರಶ್ನೆ. ಅದು ಅಧಿಕಾರದ ಆಸೆಯ ಮಾತು. ಗೋಡೌನ್ ಕೆಲಸ ಕೇಳುವವನಿಗೆ ಅದು ಅಡ್ಡ ಬರುವುದಿಲ್ಲ.

ಹಾಗಾದರೆ ನಮ್ಮ ಮೂರು ತಾಲ್ಲೂಕಿನಲ್ಲಿ ಮಾರುಕಟ್ಟೆ ಎಲ್ಲಿದೆ? ಗಲ್ಫಿನಲ್ಲಿ ಪ್ಲಂಬಿಂಗ್ ಮಾಡಿದವನು ಇಲ್ಲಿ ಬಂದು ಮನೆ ಕಟ್ಟುವವರನ್ನು ಮಾತ್ರ ಹುಡುಕುತ್ತಾನೆ. ಸುತ್ತ ನೋಡಿದರೆ ಅಡಿಕೆ, ತೆಂಗಿನ ತೋಟ, ಎಲ್ಲ ಕಡೆ ಬೋರ್‌ವೆಲ್ಲು, ಡ್ರಿಪ್ಪು. ಅಜ್ಜಂಪುರದ ಹತ್ತಿರ ಸುರಂಗ ಕೊರೆದು ನೀರು ತರುವ ಭದ್ರಾ ಮೇಲ್ದಂಡೆ ಯೋಜನೆಯೂ ಸುಮಾರು 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಎಂದೇ ರೂಪಿಸಿದ್ದು. ಕಾಲುವೆಯ ನೀರು ಯಾವಾಗ ಹೊಲಕ್ಕೆ ಬರುತ್ತದೋ ಅಲ್ಲಾಹನೇ ಬಲ್ಲ, ಪೈಪು ಜೋಡಿಸುವ ಕೆಲಸ ಇವತ್ತೂ ಇದೆ. ಪೈಪು, ವಾಲ್ವು, ಪ್ರೆಶರು ಗೊತ್ತಿದ್ದವನಿಗೆ ಡ್ರಿಪ್ ಕಲಿಯಲು ಕೆಲವು ವಾರ ಸಾಕು. ಎಸಿ ಮೆಕ್ಯಾನಿಕ್ ಆಗಿದ್ದವನಿಗೆ ಐಸ್‌ಕ್ರೀಂ, ಹಾಲಿನ ಡೀಪ್ ಫ್ರೀಜರುಗಳು, ಕೋಲ್ಡ್ ರೂಮುಗಳು ಇವೆ. ಕಟ್ಟಡದಲ್ಲಿ ಫೋರ್‌ಮನ್ ಆಗಿದ್ದವನು ತುಮಕೂರು–ಶಿವಮೊಗ್ಗ ಹೆದ್ದಾರಿಯ ಕೆಲಸ ಮನೆ ಎದುರೇ ನಡೆಯುವಾಗ ಅಲ್ಲಿ ಒಂದು ಸಲವಾದರೂ ಹೋಗಿ ವಿಚಾರಿಸಿದ್ದಾನೆಯೇ? ಬೀರೂರು ಜಂಕ್ಷನ್ ಇದೆ, ರೈಲು ಹತ್ತಿದರೆ ಶಿವಮೊಗ್ಗ, ಅರಸೀಕೆರೆ, ತಿಪಟೂರು, ತುಮಕೂರು ಎಲ್ಲ ಕೈಗೆಟಕುವ ದೂರ. ಕೆಲಸದ ಹೆಸರು ಒಂದೇ ಇರಲಿ, ಊರು ನಾಲ್ಕೈದು ಇರಲಿ. ನಮ್ಮವರು ಮಾಡುವುದು ಇದರ ಉಲ್ಟಾ. ಊರು ಒಂದೇ ಆಗಬೇಕು, ಕೆಲಸ ಯಾವುದಾದರೂ ಆದೀತು ಅಂತ.

ಡ್ರೈವರುಗಳ ವಿಷಯದಲ್ಲಿ ಒಂದು ಮಾತು, ಯಾಕೆಂದರೆ ಹೆಚ್ಚು ಜನ ಕೇಳುವುದು ಅದನ್ನೇ. ಸೌದಿಯಲ್ಲಿ ಟ್ರೇಲರ್ ಓಡಿಸಿದ್ದರೂ ಅಲ್ಲಿಯ ಲೈಸೆನ್ಸ್ ತೋರಿಸಿ ಇಲ್ಲಿ ಲಾರಿ ಹತ್ತಲು ಆಗುವುದಿಲ್ಲ. ಸಾರಿಗೆ ವಾಹನದ ಕಲಿಕಾ ಲೈಸೆನ್ಸಿಗೆ ಕಾರಿನ ಲೈಸೆನ್ಸ್ ಆಗಿ ಒಂದು ವರ್ಷ ಕಳೆದಿರಬೇಕು. ಆದರೆ 7,500 ಕೆಜಿ ಒಳಗಿನ ಸಾರಿಗೆ ವಾಹನವನ್ನು ಕಾರಿನ, ಅಂದರೆ ಎಲ್‌ಎಂವಿ ಲೈಸೆನ್ಸ್ ಇದ್ದವರು ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ಆದ್ದರಿಂದ ಗಲ್ಫಿನಲ್ಲಿ ಇರುವವರು ರಜೆಗೆ ಬಂದಾಗಲೇ ಊರಿನ ಲೈಸೆನ್ಸ್ ನವೀಕರಿಸಿ ಇಟ್ಟುಕೊಳ್ಳಿ. ಕೆಲಸ ಹೋದ ಮೇಲೆ ಶುರು ಮಾಡಿದರೆ ಕೈ ಖಾಲಿ ಇರುವಾಗಲೇ ಕಾಯಬೇಕಾಗುತ್ತದೆ.

ಕಾಗದದ ಕೊರತೆ ನಮ್ಮವರ ದೊಡ್ಡ ತೊಡಕು. ಹದಿನೈದು ವರ್ಷದ ಅನುಭವ ಇದೆ, ಒಂದು ಸರ್ಟಿಫಿಕೇಟ್ ಇಲ್ಲ. ಗೊತ್ತಿರುವ ಕೆಲಸವನ್ನೇ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್ ಎಂಬ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿ ಇದೆ. ಇನ್ನು ಹೊಸದಾಗಿ ಕಲಿಯುವವರಿಗೆ ಜಿಲ್ಲೆಗೊಂದರಂತೆ ಇರುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು. ಇದರ ಮೂಲ ನಮ್ಮ ಕರಾವಳಿಯದ್ದೇ, 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್. ಊಟ ವಸತಿ ಸಮೇತ ಉಚಿತವಾಗಿ ಮೊಬೈಲ್ ರಿಪೇರಿ, ವೈರಿಂಗ್, ಫ್ರಿಜ್ ರಿಪೇರಿ, ಹೊಲಿಗೆ ಕಲಿಸುತ್ತಾರೆ. ವಯಸ್ಸಿನ ಮಿತಿ ಇದೆ, ಮೊದಲೇ ಕೇಳಿಕೊಳ್ಳಿ. ಎಸ್ಸೆಸ್ಸೆಲ್ಸಿ ಆಗದವರು ಎನ್‌ಐಒಎಸ್ ಮೂಲಕ ಯಾವ ವಯಸ್ಸಿನಲ್ಲೂ ಬರೆಯಬಹುದು. ಇದರಲ್ಲಿ ನಾಚಿಕೆ ಇಲ್ಲ. ಕಿತಾಬು ಓದಿಯೇ ಬದುಕಿದ ನಮ್ಮಂಥ ಉಸ್ತಾದರುಗಳಲ್ಲಿ ಹಲವರು ಪಿಯುಸಿ ಬರೆದದ್ದು ಗಡ್ಡ ಬಂದ ಮೇಲೆ.

ಸ್ವಂತ ಅಂಗಡಿ ಎಂಬ ಆಸೆಗೆ ನಾವು ವಿರೋಧಿಗಳಲ್ಲ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿ ಸಾಲ, ಸ್ವಾವಲಂಬಿ ಸಾರಥಿಯ ವಾಹನ ಸಹಾಯಧನ ಎಲ್ಲ ಇವೆ, ಅರ್ಜಿ ಕರೆದಾಗ ಹಾಕಿ. ಆದರೆ ಕೂಡಿಟ್ಟ ಹಣವನ್ನು ಪೂರ್ತಿ ಗೊತ್ತಿಲ್ಲದ ವ್ಯಾಪಾರಕ್ಕೆ ಸುರಿಯುವ ಮೊದಲು ಅದೇ ಥರದ ಅಂಗಡಿಯಲ್ಲಿ ಮೂರು ತಿಂಗಳು ಸಂಬಳಕ್ಕೆ ನಿಂತು ನೋಡಿ. ಗಲ್ಫಿನ ಹತ್ತು ವರ್ಷದ ಬೆವರು ಎಂಟು ತಿಂಗಳಲ್ಲಿ ಒಂದು ಚಪ್ಪಲಿ ಅಂಗಡಿಯಲ್ಲಿ ಕರಗಿದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ.

ಮತ್ತೆ ಹೊರದೇಶಕ್ಕೇ ಹೋಗುವವರು ಹೋಗಲಿ, ತಡೆಯಲು ನಾವ್ಯಾರು. ಆದರೆ ಏಜೆಂಟರ ಹೆಸರು ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯೇ ಎಂದು ನೋಡದೆ ಒಂದು ರೂಪಾಯಿ ಕೊಡಬೇಡಿ. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ, ಅಷ್ಟೇ. ಒಂದೂವರೆ ಲಕ್ಷ, ಎರಡು ಲಕ್ಷ ಎಂದು ಕೇಳಿದರೆ ಅಲ್ಲೇ ಎದ್ದು ಬನ್ನಿ. ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸ ಸಿಗ್ತದೆ ಎನ್ನುವ ಮಾತನ್ನು ಹತ್ತನೇ ತರಗತಿ ಪಾಸಾಗದೆ ಇಸಿಆರ್ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ನಮ್ಮ ಹುಡುಗರಿಗೇ ಹೆಚ್ಚು ಹೇಳುವುದು. ಅವರ ರಕ್ಷಣೆಗೆಂದೇ ಇರುವ ತಪಾಸಣೆಯನ್ನು ತಪ್ಪಿಸುವ ದಾರಿ ಅದು.

ಇಷ್ಟೆಲ್ಲ ಹೇಳಿದ ಮೇಲೆ ಮನೆಯ ಒಳಗಿನ ಮಾತು ಹೇಳದಿದ್ದರೆ ಆಗುವುದಿಲ್ಲ. "ಸೌದಿಯಲ್ಲಿದ್ದವ ಈಗ ಗೋಡೌನಲ್ಲಾ?" ಎನ್ನುವ ಒಂದು ಮಾತಿಗೆ ಎಷ್ಟು ಗಂಡಸರು ಮನೆಯಲ್ಲೇ ಕುಳಿತಿದ್ದಾರೆ! ಈ ಮಾತು ಹೊರಗಿನವರದಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ನಮ್ಮ ನೆಂಟರೇ ಆಡುವುದು. ಹೆಣ್ಣು ಕೇಳಲು ಬಂದವರು ಹುಡುಗ ಎಲ್ಲಿದ್ದಾನೆ ಎಂದು ಕೇಳುತ್ತಾರೆ, ಏನು ಮಾಡುತ್ತಾನೆ ಎಂದು ಕೇಳುವವರು ಕಡಿಮೆ. ಉಮ್ಮಂದಿರಿಗೆ ನಮ್ಮ ಕೋರಿಕೆ ಒಂದೇ. ಕೆಲಸ ಹುಡುಕುವ ಮಗನಿಗೆ ದಿನಾ ಸಂಜೆ "ಸಿಕ್ಕಿತಾ?" ಎಂದು ಕೇಳಬೇಡಿ. ಇವತ್ತು ಎಲ್ಲೆಲ್ಲಿ ಹೋಗಿದ್ದೆ ಎಂದು ಕೇಳಿ. ಸಿಗುವುದು ಅವನ ಕೈಯಲ್ಲಿಲ್ಲ, ರಿಜ್ಕ್ ಅಲ್ಲಾಹನದು. ಹೋಗುವುದು ಅವನ ಕೈಯಲ್ಲಿದೆ.

ಹೆಂಗಸರು ಈ ಲೆಕ್ಕದಿಂದ ಹೊರಗಲ್ಲ. ಗಂಡ ಹನ್ನೆರಡು ವರ್ಷ ಹೊರಗಿದ್ದಾಗ ಬ್ಯಾಂಕು, ಆಸ್ಪತ್ರೆ, ಮಕ್ಕಳ ಶಾಲೆ, ಮನೆ ಕಟ್ಟುವ ಮೇಸ್ತ್ರಿ ಎಲ್ಲರನ್ನೂ ಸಂಭಾಳಿಸಿದವಳು ಅವಳು. ಗಂಡ ಬಂದ ಮೇಲೆ ಅವಳಿಗೂ ಏನೂ ಗೊತ್ತಿಲ್ಲ ಎಂದಾಗಿಬಿಡುತ್ತದೆ. ಮನೆಯಲ್ಲಿ ಹೊಲಿಯುವವರು ದರ್ಜಿ ಕಸುಬಿನಡಿ 2023ರ ಪಿಎಂ ವಿಶ್ವಕರ್ಮ ಯೋಜನೆಗೆ ಸೇರುತ್ತಾರೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ ಇದೆ, ಮನೆಗೊಬ್ಬರಿಗೆ ಮಾತ್ರ. ಮನೆಗೊಬ್ಬರು ಎಂದ ತಕ್ಷಣ ಆ ಒಬ್ಬರು ಗಂಡಸೇ ಆಗಬೇಕು ಎಂದು ಯಾರೂ ಬರೆದಿಲ್ಲ.

ಕೊನೆಗೆ ಜಮಾಅತಿನ ತಪ್ಪು, ಅದರಲ್ಲಿ ನಮ್ಮ ಪಾಲೂ ಇದೆ. ಒಬ್ಬ ಮನುಷ್ಯನ ಮನೆಗೆ ಎರಡು ರಮಝಾನ್ ನಾವು ಕಿಟ್ ಕಳಿಸಿದೆವು. ಅಕ್ಕಿ, ಎಣ್ಣೆ, ಸಕ್ಕರೆ, ಖರ್ಜೂರ. ಎರಡನೇ ಸಲ ಕಿಟ್ ತೆಗೆದುಕೊಂಡು ಹೋದ ಹುಡುಗ ಹೇಳಿದ, ಬಾಗಿಲು ತೆರೆದದ್ದು ಅವರ ಹತ್ತು ವರ್ಷದ ಮಗ, ಉಪ್ಪ ಒಳಗೇ ಇದ್ದರೂ ಹೊರಗೆ ಬರಲಿಲ್ಲ ಅಂತ. ಆ ಮನುಷ್ಯ ವೆಲ್ಡರ್. ಎರಡು ವರ್ಷದಲ್ಲಿ ನಮ್ಮ ಕಮಿಟಿಯ ಒಬ್ಬರೂ, ನಾವೂ ಸೇರಿ, ಅವರಿಗೆ ಯಾವ ವೆಲ್ಡಿಂಗ್ ಬರುತ್ತದೆ ಎಂದು ಕೇಳಿರಲಿಲ್ಲ. ಕಿಟ್ ಬೇಡ ಎಂದು ನಾವು ಹೇಳುತ್ತಿಲ್ಲ. ಸಅದ್ (ರ) ಅವರ ಅರ್ಧ ಸೊತ್ತಿನ ಮಾತು ಇಲ್ಲದೆ ಇದ್ದರೆ ಆ ಕಥೆಯೇ ಇಲ್ಲ. ಕೆಲಸ ಹುಡುಕುವ ಮೂರು ನಾಲ್ಕು ತಿಂಗಳು ಮನೆ ನಡೆಯಬೇಕು, ಬಡ್ಡಿಯ ಬಾಗಿಲಿಗೆ ಹೋಗದೆ ನಡೆಯಬೇಕು. ಅದಕ್ಕೆ ಸಾಲವಾಗಿ ಜಮಾಅತಿನ ಹಣ ನಿಲ್ಲಲಿ. ಆದರೆ ಕಿಟ್ ಕೊಟ್ಟ ಕೈಯಲ್ಲೇ ಮಾರುಕಟ್ಟೆಯ ದಾರಿಯನ್ನೂ ತೋರಿಸಬೇಕಿತ್ತು. ಕಮಿಟಿಯಲ್ಲಿ ಇರುವವರಿಗೆ ಮಿಲ್ಲಿನವರು, ಮಂಡಿಯವರು, ಗ್ಯಾರೇಜಿನವರು, ಕಾಂಟ್ರಾಕ್ಟರುಗಳು ಎಲ್ಲ ಗೊತ್ತು. ಒಂದು ಫೋನ್ ಸಾಕಿತ್ತು.

ಈಗ ನಮ್ಮ ಮಸೀದಿಯಲ್ಲಿ ಒಂದು ನೋಟ್‌ಪುಸ್ತಕ ಇಟ್ಟಿದ್ದೇವೆ. ಬಲಗಡೆ ಹಾಳೆಯಲ್ಲಿ ಕೆಲಸ ಬೇಕಾದವರು, ಎಡಗಡೆ ಜನ ಬೇಕಾದವರು. ಬಲಗಡೆ ಬರೆಯುವವರಿಗೆ ಒಂದು ಷರತ್ತು, ಕೆಲಸದ ಹೆಸರು ಬರೆಯಬೇಕು, ಒಂದೇ ಬರೆಯಬೇಕು, ಆ ಕೆಲಸದಲ್ಲಿ ಈಗಾಗಲೇ ಏನು ಬರುತ್ತದೆ ಎಂದು ಮೂರು ಸಾಲು ಬರೆಯಬೇಕು. ಬರೆಯಲು ಬಾರದವರಿಗೆ ಮದ್ರಸದ ದೊಡ್ಡ ಮಕ್ಕಳು ಬರೆದುಕೊಡುತ್ತಾರೆ. ವೆಲ್ಡರ್ ಬಂದು ಬರೆಸಿ ಹೋಗಿದ್ದಾರೆ, ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಎರಡು ವರ್ಕ್‌ಶಾಪಿಗೆ ಕಮಿಟಿಯವರು ಫೋನ್ ಮಾಡಿದ್ದಾರೆ, ಒಂದು ಕಡೆಯಿಂದ ಸೋಮವಾರ ಬರಲು ಹೇಳಿದ್ದಾರೆ. ಇನ್ನೊಬ್ಬ ಹುಡುಗ ಹೆಸರು, ಫೋನ್ ನಂಬರ್ ಬರೆದು ಕೆಲಸದ ಜಾಗ ಖಾಲಿ ಬಿಟ್ಟಿದ್ದಾನೆ. ಯೋಚನೆ ಮಾಡಿ ಬರುವ ಜುಮಾಕ್ಕೆ ಬರೆಯುತ್ತೇನೆ ಅಂದಿದ್ದಾನೆ.